ತುಳಸಿಕಟ್ಟೆ ಕಸೂತಿ: ಹಿಂದೆ ಮುಂದೆ ಒಂದೇ ಥರ ಬರಬೇಕಾದರೆ

ಶನಿವಾರ ಊಟ ಮುಗಿಸಿ ನಾವು ಏಳು ಜನ ಯಾರದಾದರೂ ಒಬ್ಬರ ಅಂಗಳದಲ್ಲಿ ಸೇರುತ್ತೇವೆ. ಒಂದು ವಾರ ಮಾಳಮಡ್ಡಿ, ಇನ್ನೊಂದು ವಾರ ಸಪ್ತಾಪುರ, ಮತ್ತೊಂದು ವಾರ ಸಾಧನಕೇರಿ. ಧಾರವಾಡ ಬಿಟ್ಟು ಆಚೆ ಹೋಗುವುದಿಲ್ಲ. ಒಂದು ಕೈಯಲ್ಲಿ ಕಸೂತಿ ಚೀಲ ಇರುತ್ತೆ. ಇನ್ನೊಂದರಲ್ಲಿ ಒದ್ದೆ ಪೇಪರಿನಲ್ಲಿ ಸುತ್ತಿದ ದಾಸವಾಳದ ಕಡ್ಡಿಯೋ ಅಬ್ಬಲಿಗೆ ಸಸಿಯೋ. ಮೊದಲ ಅರ್ಧ ಗಂಟೆ ಗಿಡಗಳದ್ದೇ ಮಾತು. ಯಾರ ಮಲ್ಲಿಗೆ ಮೊಗ್ಗು ಬಿಟ್ಟಿದೆ, ಯಾರ ಪೇರಲಹಣ್ಣಿಗೆ ಹುಳ ಬಿದ್ದಿದೆ, ಇಂಥವು. ಆಮೇಲೆ ಬಟ್ಟೆಗಳು ಹೊರಗೆ ಬರುತ್ತವೆ. ನಮ್ಮಲ್ಲಿ ಹಿರಿಯರೊಬ್ಬರಿದ್ದಾರೆ, ಎಲ್ಲರಿಗೂ ಅವರು ವೈನಿ. ಯಾರ ಕೆಲಸವನ್ನೂ ಅವರು ಮುಂದಿನಿಂದ ನೋಡುವುದಿಲ್ಲ. "ತಿರುವಿ ತೋರಸ್ರಿ ನೋಡೋಣು" ಅಂತಾರೆ.

ಹೊಸದಾಗಿ ಸೇರಿದವರು ಅಲ್ಲೇ ಸಿಕ್ಕಿಬೀಳುತ್ತಾರೆ. ಹೋದ ವರ್ಷ ಮೂವರು ಬಟ್ಟೆಯ ಮೇಲೆ ತುಳಸಿಕಟ್ಟೆಯ ವಿನ್ಯಾಸ ಹಾಕಿಕೊಂಡು ಬಂದಿದ್ದರು. ಮುಂದೆ ಮೂರೂ ಚೆಂದ. ತಿರುವಿದರೆ ಗುಬ್ಬಿ ಗೂಡು. ಗಂಟು, ಉದ್ದುದ್ದ ಜಿಗಿದ ದಾರ, ಒಂದರ ಮೇಲೊಂದು ಕೂತ ಹೊಲಿಗೆ. ನಾನೂ ಶುರುವಿನಲ್ಲಿ ಅದನ್ನೇ ಮಾಡಿದ್ದೆ. ಮೂವರ ತಪ್ಪೂ ಒಂದೇ ಜಾಗದಲ್ಲಿ ಆಗಿತ್ತು. ಅದಕ್ಕೇ ಈ ಲೇಖನ.

ಕಸೂತಿಯಲ್ಲಿ ನಾಲ್ಕು ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿ, ಮುರ್ಗಿ ಎರಡೂ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ನೇಗಿ ನೇಯ್ಗೆಯ ಥರ, ಮುಂದೆ ದಾರ ಇದ್ದಲ್ಲಿ ಹಿಂದೆ ಖಾಲಿ. ಮೆಂತಿ ಅಂದರೆ ಗುಣಾಕಾರದ ಗುರುತಿನಂಥ ಹೊಲಿಗೆ (ಕ್ರಾಸ್ ಸ್ಟಿಚ್), ಕಾಳು ಕಾಳಾಗಿ ತುಂಬುತ್ತೆ. ಮೊದಲ ತುಳಸಿಕಟ್ಟೆಗೆ ಗವಂತಿ ಒಂದೇ ಸಾಕು. ಮೆಂತಿ ತುಂಬಿಸುವ ಆಸೆ ಇದ್ದರೆ ಮುಂದಿನ ಸಲ ನೋಡೋಣ.

ಸಾಮಾನು

ಮ್ಯಾಟಿ ಬಟ್ಟೆ (ನೇಯ್ಗೆಯಲ್ಲೇ ಎಣಿಸಬಹುದಾದ ಚೌಕಗಳಿರುವುದು, ಆ ಚೌಕಕ್ಕೆ ನಾವು ಮನೆ ಅಂತೀವಿ) ಒಂದು ಗೇಣು, ಮೊಂಡು ಮೊನೆಯ 24ನೇ ನಂಬರ್ ಸೂಜಿ, ಒಂದು ಲಡಿ ದಾರ. ಆಂಕರ್ ಕಂಪನಿಯ ಲಡಿ 8 ಮೀಟರ್ ಬರುತ್ತೆ, ಅದರಲ್ಲಿ ಆರು ಎಳೆ. ಎರಡು ಎಳೆ ಬಿಡಿಸಿಕೊಳ್ಳಿ. ಉದ್ದ ಒಂದು ಮೊಳ ಇರಲಿ, ಬಟ್ಟೆಯ ಮನೆಗಳು ದೊಡ್ಡವಾಗಿದ್ದರೆ ಒಂದೂವರೆ. ಅದಕ್ಕಿಂತ ಉದ್ದ ಬೇಡ. ಮತ್ತೆ ಮತ್ತೆ ಪೋಣಿಸುವ ಬೇಜಾರಿಗೆ ಎರಡು ಮೊಳ ತೆಗೆದುಕೊಂಡರೆ ದಾರ ಹುರಿಗಟ್ಟಿ ಗಂಟು ಬೀಳುತ್ತೆ, ಕೆಲಸ ಇನ್ನೂ ಜಾಸ್ತಿ.

ಜಾತ್ರೆಯಲ್ಲಿ ರಾಶಿ ಹಾಕಿ ಮಾರುವ ಹೊಳೆಯುವ ದಾರ ತರಬೇಡಿ. ನಾನು ತಂದಿದ್ದೆ. ಕೆಂಪು ಬಣ್ಣದ್ದು, ಹತ್ತು ರೂಪಾಯಿಗೆ ಮೂರು ಲಡಿ. ಅತ್ತೆಯವರ ಬಿಳಿ ಮೇಜುಬಟ್ಟೆಯ ಮೇಲೆ ಎರಡು ತಿಂಗಳು ಕೂತು ಹಾಕಿದ ನವಿಲು ಮೊದಲ ಒಗೆತಕ್ಕೇ ಗುಲಾಬಿ ನೀರಾಗಿ ಹರಡಿತು. ಈಗ ಯಾವ ದಾರ ತಂದರೂ ಒಂದು ತುಂಡು ಒದ್ದೆ ಮಾಡಿ ಬಿಳಿ ಕರ್ಚೀಫಿನಲ್ಲಿ ಒತ್ತಿ ನೋಡುತ್ತೇನೆ. ಕೆಂಪು, ಮೆರೂನ್ ಇದ್ದರಂತೂ ತಪ್ಪದೇ.

ಬಟ್ಟೆ ಬಿಗಿದು ಹಿಡಿಯುವ ರಿಂಗ್ ಬೇಡ. ಕಸೂತಿ ಕೈಯಲ್ಲಿ ಹಿಡಿದೇ ಹಾಕುವ ಕೆಲಸ. ರಿಂಗ್ ಹಾಕಿದರೆ ಬಟ್ಟೆ ತಿರುವಿ ನೋಡಲು ಸೋಮಾರಿತನ ಬರುತ್ತೆ, ತಪ್ಪು ಹತ್ತು ಹೊಲಿಗೆ ಆದ ಮೇಲೆ ಕಣ್ಣಿಗೆ ಬೀಳುತ್ತೆ.

ಇನ್ನೊಂದು. ಕಾರ್ಬನ್ ಪೇಪರ್ ಇಟ್ಟು ಚಿತ್ರ ಇಳಿಸುವುದು, ಪೆನ್ಸಿಲಿನಿಂದ ಬರೆದುಕೊಳ್ಳುವುದು ಇಲ್ಲಿಲ್ಲ. ಕಸೂತಿ ಎಣಿಕೆಯ ಮೇಲೆ ನಡೆಯುತ್ತೆ. ಬರೆಯಲೇಬೇಕು ಅನ್ನಿಸಿದರೆ ಮಕ್ಕಳ ಗಣಿತದ ಚೌಕುಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಮೊದಲು ಅಂಗಳಕ್ಕೆ ಹೋಗಿ

ಸೂಜಿ ಹಿಡಿಯುವ ಮುಂಚೆ ನಿಮ್ಮ ತುಳಸಿ ಗಿಡವನ್ನು ಒಮ್ಮೆ ಬಗ್ಗಿ ನೋಡಿ. ಕಾಂಡ ಬೆರಳಿನಲ್ಲಿ ಹೊರಳಿಸಿದರೆ ದುಂಡಗಿಲ್ಲ, ನಾಲ್ಕು ಮೂಲೆ ಸಿಗುತ್ತೆ. ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ, ಕವಲುಗಳೂ ಹಾಗೆಯೇ. ಎಡಕ್ಕೆ ಒಂದು ಬಂದರೆ ಅದೇ ಗೆಣ್ಣಿನಿಂದ ಬಲಕ್ಕೆ ಇನ್ನೊಂದು. ಬಟ್ಟೆಯ ಮೇಲೂ ಎಡಬಲದ ಕವಲು ಒಂದೇ ತೂತಿನಿಂದ ಹೊರಡಬೇಕು. ಒಂದು ಮೇಲೆ ಒಂದು ಕೆಳಗೆ ಹಾಕಿದರೆ ಅದು ಬೇರೆ ಯಾವುದೋ ಗಿಡವಾಗುತ್ತೆ.

ಅಲ್ಲಿಗೆ ಹೋದಾಗ ತುದಿಯ ಹೂ ತೆನೆಗಳನ್ನು ಚಿವುಟಿ ಬನ್ನಿ. ತೆನೆ ಬಲಿತು ಬೀಜ ಕಟ್ಟಲು ಬಿಟ್ಟರೆ ಗಿಡ ಕಡ್ಡಿ ಕಡ್ಡಿಯಾಗುತ್ತೆ. ಚಿವುಟಿದರೆ ಪಕ್ಕದಿಂದ ಒಡೆದು ದಟ್ಟವಾಗುತ್ತೆ. ನಮ್ಮ ಗುಂಪಿನಲ್ಲಿ ಇದಕ್ಕೂ ಎರಡು ಪಕ್ಷ ಇವೆ. ಸಾಧನಕೇರಿಯವರು "ದೇವರ ಗಿಡಕ್ಕ ಉಗುರು ಹಚ್ಚಬಾರದು" ಅಂತಾರೆ. ಅವರ ಗಿಡ ಬಡಕಲಾಗಿದೆ, ನಾನು ಏನೂ ಹೇಳುವುದಿಲ್ಲ.

ಎಣಿಕೆ

ಒಂದು ಹೊಲಿಗೆ ಅಂದರೆ ಒಂದು ಮನೆ. ಬುಡದ ಗೆರೆ 12 ಮನೆ. ಅದರ ಎಡ ತುದಿಯಿಂದ ಶುರು. ಮೇಲೆ 1, ಬಲಕ್ಕೆ 2, ಮೇಲೆ 1, ಬಲಕ್ಕೆ 2. ಇವು ಮೆಟ್ಟಿಲು. ಅಲ್ಲಿಂದ ಕಟ್ಟೆಯ ಗೋಡೆ ಮೇಲೆ 6. ಕಟ್ಟೆಯ ತಲೆಯ ಮೇಲೆ ಬಲಕ್ಕೆ 2 ಬಂದರೆ ನಟ್ಟನಡುವೆ ನಿಂತಿರುತ್ತೀರಿ. ಅಲ್ಲಿಂದ ಗಿಡ ಏಳುತ್ತೆ: ಕಾಂಡ 6 ಮನೆ. ಎರಡನೇ ತೂತಿನಲ್ಲಿ ಒಂದು ಜೋಡಿ ಕವಲು, ನಾಲ್ಕನೇ ತೂತಿನಲ್ಲಿ ಇನ್ನೊಂದು ಜೋಡಿ. ಕವಲು ಓರೆಯಾಗಿ ಮೇಲಕ್ಕೆ, ಒಂದೊಂದೂ 2 ಹೊಲಿಗೆ. ಗಿಡ ಮುಗಿದ ಮೇಲೆ ಎಡಕ್ಕೆ ಮಾಡಿದ್ದನ್ನೇ ಬಲಕ್ಕೆ ಕನ್ನಡಿ ಥರ ಇಳಿಸಿ, ಬುಡದ ಗೆರೆ ಹಿಡಿದು ಶುರುವಿಗೆ ಬನ್ನಿ.

ಹೋಗುವುದು ಸುಲಭ, ಬರುವುದು ಕಷ್ಟ

ಗವಂತಿ ಅಂದರೆ ಒಂದೇ ದಾರಿಯಲ್ಲಿ ಎರಡು ಸಲ ನಡೆಯುವುದು. ಹೋಗುವಾಗ ದಾರ ಒಂದು ಮನೆ ಬಟ್ಟೆಯ ಮುಂದೆ, ಒಂದು ಮನೆ ಬಟ್ಟೆಯ ಹಿಂದೆ. ಬರುವಾಗ ಖಾಲಿ ಬಿಟ್ಟಿದ್ದನ್ನು ತುಂಬುವುದು. ಮುಂದೆ ಖಾಲಿ ಇದ್ದದ್ದು ತುಂಬುವಾಗ ಹಿಂದೆ ಖಾಲಿ ಇದ್ದದ್ದೂ ತಾನಾಗಿ ತುಂಬುತ್ತೆ. ಕೇಳುವುದಕ್ಕೆ ಇಷ್ಟೇ.

ಗಂಟು ಹಾಕಬೇಡಿ. ಸೂಜಿಯನ್ನು ಎಡ ಮೂಲೆಯ ತೂತಿನಲ್ಲಿ ಮೇಲೆ ತನ್ನಿ. ಹಿಂದೆ ನಾಲ್ಕು ಬೆರಳು ಬಾಲ ಬಿಟ್ಟು ಎಡಗೈ ಹೆಬ್ಬೆರಳಿನಲ್ಲಿ ಒತ್ತಿ ಹಿಡಿಯಿರಿ. ಹೊರಡಿ. ಗಿಡದ ಬುಡಕ್ಕೆ ಬರುವಷ್ಟರಲ್ಲಿ 14 ಹೊಲಿಗೆ ಆಗಿರುತ್ತೆ, ಏಳು ಮುಂದೆ, ಏಳು ಹಿಂದೆ. ಸೂಜಿ ಈಗ ಬಟ್ಟೆಯ ಮೇಲ್ಗಡೆ ಇರಬೇಕು. ಕೆಳಗಡೆ ಇದ್ದರೆ ಎಲ್ಲೋ ಒಂದು ಮನೆ ತಪ್ಪಿದೆ. ಮುಂದೆ ಹೋಗಬೇಡಿ, ಬಿಚ್ಚಿ.

ಈ ವಿನ್ಯಾಸದಲ್ಲಿ ಇದೇ ದೊಡ್ಡ ಅನುಕೂಲ. ಯಾವ ಕವಲಿನ ಬಾಯಿಗೆ ಬಂದರೂ ಸೂಜಿ ಮೇಲೆಯೇ ಇರುತ್ತೆ. ಎರಡನೇ ತೂತು, ನಾಲ್ಕನೇ ತೂತು, ಕಾಂಡದ ತುದಿ, ಎಲ್ಲಾ ಕಡೆ. ಪ್ರತಿ ಸಲ ಅಲ್ಲಿ ನಿಂತು ನೋಡಿಕೊಂಡರೆ ಗಿಡದಲ್ಲಿ ತಪ್ಪು ನಾಲ್ಕು ಹೊಲಿಗೆಗಿಂತ ದೂರ ಹೋಗುವುದಿಲ್ಲ.

ಕಾಂಡದಲ್ಲಿ ಎರಡು ಮನೆ ಏರಿದಿರಿ. ಎಡ ಕವಲಿಗೆ ಹೊರಳಿ. ಒಂದು ಮುಂದೆ, ಒಂದು ಹಿಂದೆ, ತುದಿ ಬಂತು. ಅಲ್ಲಿಂದಲೇ ವಾಪಸ್, ಖಾಲಿ ಜಾಗ ತುಂಬುತ್ತಾ ಕಾಂಡಕ್ಕೆ. ಕವಲು ಪೂರ್ತಿ ಮುಗಿಯಿತು. ಆಮೇಲೆ ಬಲ ಕವಲು, ಅದೇ ಥರ. ಮತ್ತೆ ಎರಡು ಮನೆ ಏರಿ, ಎರಡು ಕವಲು. ಮತ್ತೆ ಎರಡು ಮನೆ, ತುದಿ. ಈಗ ಕಾಂಡ ತುಂಬುತ್ತಾ ಸೀದಾ ಕೆಳಗೆ. ಎಡ ಕವಲಿನ ತುದಿಯಿಂದ ಬಲ ಕವಲಿನ ತುದಿಗೆ ಹಿಂದೆಯೇ ಹಾರಿಬಿಡುವವರಿದ್ದಾರೆ. ನಾಲ್ಕು ಹೊಲಿಗೆ ಉಳಿಯಿತು ಅಂತ ಖುಷಿ. ವೈನಿ ತಿರುವಿದಾಗ ಆ ಖುಷಿ ಇರುವುದಿಲ್ಲ.

ಇಲ್ಲಿಂದ ಬಲಗಡೆ ಇಳಿದು, ಬುಡದ 12 ಮನೆ ದಾಟಿ, ಹೊರಟ ತೂತಿಗೆ ಬಂದಿರಿ. ಗಿಡ ಪೂರ್ತಿ, ಕಟ್ಟೆ ಅರ್ಧ. ಕಟ್ಟೆ ಹಲ್ಲು ಬಿದ್ದ ಬಾಯಿಯ ಥರ ಕಾಣುತ್ತೆ. ಹೆದರಬೇಡಿ.

ಮೂವರೂ ಜಾರಿದ್ದು ಸರಿಯಾಗಿ ಈ ತೂತಿನಲ್ಲಿ. ಸುತ್ತು ಮುಗಿದು ಶುರುವಿಗೆ ಬಂದಿದ್ದೇವಲ್ಲ, ಇನ್ನೊಂದು ಸುತ್ತು ಹಾಕಿದರಾಯಿತು ಅಂತ ಅದೇ ದಿಕ್ಕಿನಲ್ಲಿ ಮತ್ತೆ ಹೊರಟರು. ಪ್ರದಕ್ಷಿಣೆ ಹಾಕಿದ ಹಾಗೆ. ತುಳಸಿಕಟ್ಟೆಗೆ ಪ್ರದಕ್ಷಿಣೆ ಸರಿಯೇ, ಕಸೂತಿಗೆ ಅಲ್ಲ. ಕಟ್ಟೆಯ ಸುತ್ತಳತೆ 40 ಮನೆ, ಸಮಸಂಖ್ಯೆ. ಮೊದಲ ಸುತ್ತಿನಲ್ಲಿ ಮುಂದೆ ಬಿದ್ದ ಹೊಲಿಗೆ ಎರಡನೇ ಸುತ್ತಿನಲ್ಲೂ ಮುಂದೆಯೇ ಬೀಳುತ್ತೆ. ದಾರದ ಮೇಲೆ ದಾರ ಕೂರುತ್ತೆ, ಖಾಲಿ ಖಾಲಿಯಾಗಿಯೇ ಉಳಿಯುತ್ತೆ. ಆಗ ಗಾಬರಿಯಾಗಿ ಅಲ್ಲೊಂದು ಇಲ್ಲೊಂದು ಹಾರಿ ತುಂಬಿಸುತ್ತಾರೆ. ಗುಬ್ಬಿ ಗೂಡು ಹುಟ್ಟುವುದು ಹೀಗೆ.

ಶುರುವಿನ ತೂತಿನಲ್ಲಿ ಸೂಜಿ ಮೇಲೆ ಬಂತು ಅಲ್ವಾ, ಅಲ್ಲೇ ತಿರುಗಿ. ಈಗ ತಾನೇ ಬಂದ ಬುಡದ ಗೆರೆಯನ್ನೇ ಹಿಡಿದು ಹಿಂದಕ್ಕೆ ನಡೆಯಿರಿ. ಮೊದಲ ಹೊಲಿಗೆಯೇ ಖಾಲಿ ಮನೆಯ ಮೇಲೆ ಕೂರುತ್ತೆ. ಅಂಗೈ ಮೇಲೆ ಬೆರಳಿನಿಂದ ನಾಲ್ಕು ಮನೆಯ ಒಂದು ಚೌಕ ಎಳೆದು ನೋಡಿ, ಎರಡು ನಿಮಿಷದಲ್ಲಿ ಅರ್ಥವಾಗುತ್ತೆ. ಗಿಡದ ಬುಡ ಬಂದಾಗ ಮೇಲೆ ಹತ್ತಬೇಡಿ, ಗಿಡದ ಲೆಕ್ಕ ಮುಗಿದಿದೆ.

ವಾಪಸ್ ಬರುವಾಗ ಇನ್ನೊಂದು ಸೂಕ್ಷ್ಮ ಇದೆ. ಒಂದೇ ತೂತಿನಲ್ಲಿ ಈಗಾಗಲೇ ಒಂದು ದಾರ ಇದೆ. ಅಡ್ಡ ಗೆರೆಯಲ್ಲಾದರೆ ಸೂಜಿಯನ್ನು ಮೇಲೆ ತರುವಾಗ ಹಳೆಯ ದಾರದ ಸ್ವಲ್ಪ ಮೇಲೆ ತನ್ನಿ, ಇಳಿಸುವಾಗ ಸ್ವಲ್ಪ ಕೆಳಗೆ ಇಳಿಸಿ. ಪ್ರತಿ ಸಲವೂ ಹಾಗೆಯೇ. ಆಗ ಗೆರೆ ಹಗ್ಗ ಎಳೆದ ಹಾಗೆ ನೆಟ್ಟಗೆ ಬರುತ್ತೆ. ಒಮ್ಮೆ ಮೇಲೆ ಒಮ್ಮೆ ಕೆಳಗೆ ಮಾಡಿದರೆ ಹಾವು ಹರಿದ ಹಾಗೆ. ಹಳೆಯ ದಾರವನ್ನು ಸೀಳಿಕೊಂಡು ಸೂಜಿ ಬಂದರಂತೂ ಬಿಚ್ಚುವಾಗ ಕಣ್ಣಲ್ಲಿ ನೀರು. ಮೊಂಡು ಸೂಜಿ ಹೇಳಿದ್ದು ಇದಕ್ಕೇ.

ದಾರ ಎಳೆಯುವುದು ಹದವಾಗಿರಲಿ. ಬಟ್ಟೆ ನಿರಿಗೆ ಬಿದ್ದರೆ ಬಿಗಿ ಜಾಸ್ತಿ. ಆರೇಳು ಹೊಲಿಗೆಗೊಮ್ಮೆ ಸೂಜಿಯನ್ನು ಜೋತು ಬಿಡಿ, ಹುರಿ ತಾನಾಗಿ ಬಿಚ್ಚಿಕೊಳ್ಳುತ್ತೆ.

ಕೊನೆಯ ಹೊಲಿಗೆ ಹಿಂದೆ ಬೀಳುತ್ತೆ. ಆಗ ಮಾತ್ರ ಸೂಜಿಯನ್ನು ಮೇಲೆ ತರಬೇಡಿ. ಶುರುವಿನ ತೂತಿನ ಬಳಿ ಇರುವ ದಾರದ ಕೆಳಗೆ ತೂರಿಸಿ, ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ ನುಸುಳಿಸಿ ಕತ್ತರಿಸಿ. ಮೊದಲು ಬಿಟ್ಟ ಬಾಲವನ್ನು ಪೋಣಿಸಿ ಇನ್ನೊಂದು ದಿಕ್ಕಿಗೆ ನುಸುಳಿಸಿ. ಎರಡೂ ಒಂದೇ ಕಡೆ ಹೋದರೆ ಅಲ್ಲಿ ದಪ್ಪ ಕಾಣುತ್ತೆ.

ಎಲ್ಲಾ ಸೇರಿ ಮುಂದೆ 54 ಹೊಲಿಗೆ, ಹಿಂದೆ 54. ಒಟ್ಟು 108. ಬೇಕೆಂದೇ ಮಾಡಿದ್ದಲ್ಲ, ಹೊಲಿದ ಮೇಲೆ ಎಣಿಸಿದಾಗ ಗೊತ್ತಾಯಿತು. ಅಂದಿನಿಂದ ವೈನಿ ಪ್ರತಿ ಹೊಲಿಗೆಗೂ ಒಂದು ನಾಮ ಹೇಳುತ್ತಾರೆ. ಎಣಿಕೆ ತಪ್ಪುವುದಿಲ್ಲ ಅಂತ ಅವರ ವಾದ.

ಸೀರೆಗೆ ಹಾಕುವವರಿಗೆ

ಇಳಕಲ್ ಸೀರೆಯ ಎಳೆ ಸಣ್ಣ, ಎಣಿಸುತ್ತಾ ಕೂತರೆ ಕಣ್ಣು ಹೋಗುತ್ತೆ. ಕಪ್ಪು ಚಂದ್ರಕಾಳಿ ಸೀರೆಗಂತೂ ಹಗಲು ಬೆಳಕು ಬೇಕೇ ಬೇಕು. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡರೆ ತೂತು ಕಾಣುತ್ತೆ. ಹಳಬರು ಹೀಗೇ ಹಾಕುತ್ತಿದ್ದರು. ನಮ್ಮಂಥವರು ಸೀರೆಯ ಮೇಲೆ ಕ್ಯಾನ್ವಾಸ್ ನೆಟ್ ಟಾಕಿ ಹಾಕಿಕೊಂಡು, ಅದರ ತೂತು ನೋಡಿ ಹೊಲಿದು, ಕೊನೆಗೆ ನೆಟ್ಟಿನ ಎಳೆಗಳನ್ನು ಒಂದೊಂದಾಗಿ ಎಳೆದು ತೆಗೆಯುವುದು. ಇದು ಅಡ್ಡದಾರಿ ಅಲ್ಲ, ತಪ್ಪೇನಿಲ್ಲ. ಆದರೆ ನೆಟ್ಟಿನ ಎಳೆಗೆ ಸೂಜಿ ಚುಚ್ಚಿಕೊಳ್ಳಬಾರದು. ಚುಚ್ಚಿದ್ದರೆ ಅದು ಬರುವುದಿಲ್ಲ, ಬಂದರೆ ಕಸೂತಿಯನ್ನೂ ಕರೆದುಕೊಂಡು ಬರುತ್ತೆ.

ಅಂಗಡಿಯಲ್ಲಿ "ಕಸೂತಿ ಸೀರೆ" ಅಂತ ಕೊಂಡರೆ ಸೆರಗು ತಿರುವಿ ನೋಡಿ. ಹಿಂದೆ ಬೇರೆ ಬಣ್ಣದ ದಾರ, ಒರಟು ಪೇಪರಿನಂಥ ಪಟ್ಟಿ ಇದ್ದರೆ ಅದು ಮಷೀನ್ ಕೆಲಸ. ಮಷೀನಿನದಕ್ಕೆ ಮಷೀನಿನ ಬೆಲೆ ಕೊಡಿ, ಅಷ್ಟೇ.

ಕಟ್ಟೆಯ ನಡುವೆ ಪಣತಿ ಬೇಕು ಅನ್ನುವವರು ಬೇರೆ ದಾರ ತೆಗೆದುಕೊಂಡು ಬೇರೆಯಾಗಿಯೇ ಹಾಕಿ. ಗೋಡೆಯಿಂದ ಅಲ್ಲಿಗೆ ದಾರ ಎಳೆದರೆ ಹಿಂದೆ ಕಾಣುತ್ತೆ.

ಒಗೆಯುವುದು ತಣ್ಣೀರಿನಲ್ಲಿ, ಹಿಂಡದೆ. ದಪ್ಪ ಟವೆಲ್ ಹಾಸಿ ಅದರ ಮೇಲೆ ಬಟ್ಟೆ ಬೋರಲು ಹಾಕಿ ಇಸ್ತ್ರಿ ಮಾಡಿ. ಯಾವುದು ಬೋರಲು ಅಂತ ಗೊತ್ತಾಗದಿದ್ದರೆ ನಿಮ್ಮ ಗವಂತಿ ಸರಿಯಾಗಿ ಬಂದಿದೆ.