ತೆಗೆದ ಎಲೆ ಕೈಬಿಟ್ಟು ಹೋಗದ ಹಾಗೆ: ಇಸ್ಪೀಟು ಜಾದೂವಿನ ಎರಡು ಕಂಟ್ರೋಲ್

ಎದುರಿನವರು ಒಂದು ಎಲೆ ತೆಗೆದು, ನೋಡಿ, ಕಟ್ಟಿನ ನಡುವೆ ವಾಪಸ್ ಇಟ್ಟರು. ನೀವು ಕಲಸಿದಿರಿ. ಅವರ ಲೆಕ್ಕದಲ್ಲಿ ಎಲೆ 52ರೊಳಗೆ ಎಲ್ಲೋ ಸೇರಿಹೋಯಿತು. ನಿಜಕ್ಕೂ ಅದು ಕಟ್ಟಿನ ನೆತ್ತಿಯ ಮೇಲೇ ಕೂತಿದೆ. ಜಾದೂಗಾರರು ಇದನ್ನು ಕಂಟ್ರೋಲ್ ಅನ್ನುತ್ತಾರೆ. ಬಗೆಗಳು ಹತ್ತಾರಿದ್ದರೂ ಎರಡನ್ನು ಗಟ್ಟಿಮಾಡಿಕೊಂಡರೆ ವರ್ಷಗಟ್ಟಲೆ ಸಾಕು.

ಮೊದಲು ಕಟ್ಟು. ಪೂರ್ತಿ ಪ್ಲಾಸ್ಟಿಕ್ ಎಲೆ ಬೇಡ. ಜಾರುತ್ತದೆ, ಬಾಗಿಸಿದರೆ ಚಿಮ್ಮುತ್ತದೆ. ಬೈಸಿಕಲ್ ಬ್ರ್ಯಾಂಡಿನ ತರಹದ ಕಾಗದದ ಎಲೆ ಒಳ್ಳೆಯದು. ಪೋಕರ್ ಅಳತೆಯ ಎಲೆ 63 ಮಿ.ಮೀ. ಅಗಲ, ಬ್ರಿಡ್ಜ್ ಅಳತೆಯದು 57. ಅಂಗೈ ಚಿಕ್ಕದಿದ್ದರೆ ಎರಡನೆಯದನ್ನೇ ಕೊಳ್ಳಿ, ನಾಚಿಕೆಯೇನಿಲ್ಲ. ಕೈ ಬೆವರುವವರು ಆಗಾಗ ಒರೆಸಿಕೊಳ್ಳಬೇಕು. ಎಲೆ ಒಂದಕ್ಕೊಂದು ಅಂಟಿದರೆ ಮುಂದೆ ಹೇಳುವ ಯಾವುದೂ ನಡೆಯುವುದಿಲ್ಲ.

ಕಿರುಬೆರಳಿನ ಬ್ರೇಕ್

ಕಟ್ಟು ಎಡಗೈಯಲ್ಲಿರಲಿ: ಹೆಬ್ಬೆರಳು ಎಡ ಅಂಚಿಗೆ, ತೋರುಬೆರಳು ಮುಂದಿನ ಅಂಚಿಗೆ, ಉಳಿದ ಮೂರು ಬಲ ಅಂಚಿಗೆ. ಬಲಗೈಯಿಂದ ಮೇಲಿನ ಅರ್ಧ ಎತ್ತಿ, ಎಲೆಯನ್ನು ಕೆಳಗಿನ ಅರ್ಧದ ಮೇಲೆ ಇಡಿಸಿಕೊಳ್ಳಿ. ಎತ್ತಿದ್ದನ್ನು ವಾಪಸ್ ಇಡುವಾಗ ನಿಮ್ಮ ಕಡೆಯ ಬಲ ಮೂಲೆಯಲ್ಲಿ ಕಿರುಬೆರಳಿನ ತುದಿಯ ಮಾಂಸ ಮಾತ್ರ ನಡುವೆ ಸಿಕ್ಕಿಕೊಳ್ಳಲಿ. ಬೆರಳನ್ನೇ ತೂರಿಸಿದರೆ ಮುಂದಿನ ಅಂಚು ಬಾಯಿಬಿಡುತ್ತದೆ, ಎದುರಿನವರಿಗೆ ಕಪ್ಪು ಗೆರೆ ಕಾಣುತ್ತದೆ. ಹಿಂದೆ ಒಂದೆರಡು ಮಿಲಿಮೀಟರ್ ಸಂದು ಸಾಕು; ಈ ಸಂದೇ ಬ್ರೇಕ್. ಮುಂದಿನ ಅಂಚನ್ನು ಮೇಲಿಂದ ಮೆಲ್ಲಗೆ ಒತ್ತಿದರೆ ಎದುರಿನ ಬಾಯಿ ಮುಚ್ಚಿಕೊಳ್ಳುತ್ತದೆ.

ಈಗ ಎಲೆಯನ್ನು ಮೇಲಕ್ಕೆ ತರಬೇಕು. ಇದಕ್ಕೆ ಡಬಲ್ ಅಂಡರ್‌ಕಟ್. ಬಲಗೈ ಮೇಲಿಂದ ಬಂದು ಕಟ್ಟನ್ನು ಎರಡು ತುದಿಯಲ್ಲಿ ಹಿಡಿಯುತ್ತದೆ, ಹಿಂದಿರುವ ಹೆಬ್ಬೆರಳು ಬ್ರೇಕನ್ನು ವಹಿಸಿಕೊಳ್ಳುತ್ತದೆ. ಎಡಗೈ ತಳದಿಂದ, ಬ್ರೇಕಿನ ಕೆಳಗಿರುವುದರಲ್ಲಿ ಸುಮಾರು ಅರ್ಧ ತೆಗೆದು ಮೇಲೆ ಹಾಕಲಿ. ಆಮೇಲೆ ಬ್ರೇಕಿನವರೆಗೆ ಉಳಿದದ್ದನ್ನೂ ತೆಗೆದು ಮೇಲೆ ಹಾಕಲಿ. ನೋಡುವವರಿಗೆ ಎರಡು ಸಲ ಕಟ್ ಮಾಡಿದ ಹಾಗೆ. ಒಟ್ಟು ಫಲ ಬ್ರೇಕಿನಲ್ಲಿ ಒಂದೇ ಸಲ ಕಟ್ ಮಾಡಿದಷ್ಟೇ. ಹೊಸಬರು ಎಡವುವುದು ಮೊದಲ ಕಟ್‌ನಲ್ಲಿ: ಮೇಲೆ ಬಂದ ಎಲೆಗಳನ್ನು ಸರಿಮಾಡುವ ಭರದಲ್ಲಿ ಬ್ರೇಕ್ ಮುಚ್ಚಿಹೋಗುತ್ತದೆ. ಆ ಕಟ್ ಸ್ವಲ್ಪ ಓರೆಕೋರೆಯಾಗಿ ಬಿದ್ದರೂ ಬಿಡಿ, ಕೊನೆಗೆ ಅಂದಗೊಳಿಸಿದರಾಯಿತು.

ಇನ್‌ಜಾಗ್

ನಮ್ಮಲ್ಲಿ ರಮ್ಮಿಗೆ ಕೂತವರು ಎಲೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಉದುರಿಸುತ್ತಾ ಕಲಸುವುದೇ ಹೆಚ್ಚು. ಆದ್ದರಿಂದ ಈ ವರಸೆ ಎಲ್ಲಕ್ಕಿಂತ ಸಹಜವಾಗಿ ಕಾಣುತ್ತದೆ. ನಮ್ಮ ಮತ ಇದಕ್ಕೇ. ಕಲಸುತ್ತಾ ಸುಮಾರು ಅರ್ಧ ಎಲೆ ಎಡಗೈಗೆ ಬಂದಾಗ ನಿಲ್ಲಿಸಿ, ಅದರ ಮೇಲೆ ಎಲೆ ಇಡಿಸಿಕೊಳ್ಳಿ. ಕಲಸುವುದು ಮುಂದುವರಿಯಲಿ, ಆದರೆ ಮುಂದಿನ ಒಂದೇ ಎಲೆಯನ್ನು ಎಡ ಹೆಬ್ಬೆರಳಿನಿಂದ ಎಳೆದುಕೊಳ್ಳುವಾಗ ಬಲಗೈ ನಿಮ್ಮ ಹೊಟ್ಟೆಯ ಕಡೆಗೆ ಅರ್ಧ ಸೆಂಟಿಮೀಟರ್ ಸರಿದಿರಲಿ. ಆ ಎಲೆ ಅಷ್ಟು ಹಿಂದಕ್ಕೆ ಚಾಚಿಕೊಳ್ಳುತ್ತದೆ; ಇದೇ ಇನ್‌ಜಾಗ್. ಕೈ ಮೊದಲಿನ ಜಾಗಕ್ಕೆ ಬರಲಿ, ಉಳಿದ ಎಲೆಗಳನ್ನು ಬೇಕೆಂದೇ ಸ್ವಲ್ಪ ಹಿಂದುಮುಂದಾಗಿ ಉದುರಿಸಿ. ತೀರಾ ನೀಟಾಗಿ ಬಿದ್ದರೆ ಚಾಚಿದ ಎಲೆ ಒಂದೇ ಎದ್ದುಕಾಣುತ್ತದೆ.

ಕಟ್ಟನ್ನು ಮತ್ತೆ ಬಲಗೈಗೆ ತೆಗೆದುಕೊಳ್ಳುವಾಗ ಹೆಬ್ಬೆರಳು ಚಾಚಿದ ಎಲೆಯನ್ನು ಮೇಲಕ್ಕೂ ಮುಂದಕ್ಕೂ ಒಟ್ಟಿಗೆ ಒತ್ತಬೇಕು. ಎಲೆ ಒಳಸೇರುತ್ತದೆ, ಅದರ ಕೆಳಗೆ ಬ್ರೇಕ್ ಹುಟ್ಟುತ್ತದೆ. ಬರೇ ಮುಂದಕ್ಕೆ ತಳ್ಳಿದಿರೋ, ಗುರುತೂ ಹೋಯಿತು, ಎಲೆಯೂ ಹೋಯಿತು. ಬ್ರೇಕ್ ಬರುವವರೆಗೆ ಎಡಗೈಗೆ ಕಲಸಿ, ಉಳಿದ ಗುಪ್ಪೆಯನ್ನು ಒಟ್ಟಿಗೆ ಮೇಲೆ ಹಾಕಿ. ತೆಗೆದ ಎಲೆ ಈಗ ಎಲ್ಲಕ್ಕಿಂತ ಮೇಲೆ.

ಒಂದರ ಬದಲು ಎರಡು ಎಲೆ ಜತೆಯಾಗಿ ಚಾಚಿಕೊಂಡರೆ ಗಾಬರಿ ಬೇಡ. ಎರಡನ್ನೂ ಸೇರಿಸಿ ಒತ್ತಿದರೆ ಲೆಕ್ಕ ಕೆಡುವುದಿಲ್ಲ. ಕೆಡುವುದು ಲಯ ತಪ್ಪಿದಾಗ. ಸರ, ಸರ, ಸರ ಅಂತ ಬೀಳುತ್ತಿದ್ದ ಸದ್ದು ಆ ಒಂದು ಎಲೆಗೆ ನಿಂತರೆ ಮಗುವಿಗೂ ಗೊತ್ತಾಗುತ್ತದೆ. ಅಲ್ಲೇ ತಲೆಯೆತ್ತಿ, "ಅಣ್ಣಾ, ಎಲೆ ನೆನಪಿದೆ ತಾನೆ?" ಎಂದು ಕೇಳಿ. ಅವರ ಕಣ್ಣು ನಿಮ್ಮ ಮುಖಕ್ಕೆ ಬರುತ್ತದೆ, ಕೈಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ಹಿಂದೆ ಮಾತ್ರ ಯಾರೂ ನಿಂತಿರಬಾರದು; ಬ್ರೇಕೂ ಇನ್‌ಜಾಗೂ ಅಲ್ಲಿಂದ ನಿಚ್ಚಳವಾಗಿ ಕಾಣುತ್ತವೆ. ದುಡ್ಡು ಕಟ್ಟಿದ ಆಟಕ್ಕಂತೂ ಇದನ್ನು ಒಯ್ಯಬೇಡಿ.

ಪಾಸ್ ಎಂಬ ಹಳೆಯ ವರಸೆಯ ಹೆಸರು ಕೇಳಿರುತ್ತೀರಿ: ಎರಡು ಅರ್ಧಗಳನ್ನು ಮರೆಯಲ್ಲೇ ಅದಲುಬದಲು ಮಾಡುವುದು. ಅದಕ್ಕೆ ವರ್ಷಗಳ ಸಾಧನೆ ಬೇಕು. ಅದೇ ಕೆಲಸವನ್ನು ಡಬಲ್ ಅಂಡರ್‌ಕಟ್ ಎಲ್ಲರ ಕಣ್ಣೆದುರೇ ಮಾಡಿಕೊಡುತ್ತದೆ.

ಅಭ್ಯಾಸಕ್ಕೆ ಆಟೀನ್ ರಾಣಿಯನ್ನು ಮುಖ ಮೇಲಾಗಿಟ್ಟು ಉಳಿದ 51 ಎಲೆ ಕವುಚಿಡಿ. ರಾಣಿ ಎಲ್ಲಿದ್ದಾಳೆಂದು ಪ್ರತಿ ಹೆಜ್ಜೆಗೂ ಕಾಣುತ್ತದೆ, ತಪ್ಪಿದ್ದೆಲ್ಲಿ ಎಂಬುದೂ.

ಜನರೆದುರು ಬ್ರೇಕ್ ಜಾರಿದರೆ? ಮೇಲಿನ ಅರ್ಧ ಎತ್ತುವಾಗಲೇ ಅದರ ತಳದ ಎಲೆಯನ್ನು ಓರೆಗಣ್ಣಿನಲ್ಲಿ ನೋಡಿಟ್ಟುಕೊಂಡಿರಿ. ಕಲಸದೆ ಬರೇ ಕಟ್ ಮಾಡಿ, ಮುಖ ನಿಮ್ಮ ಕಡೆ ತಿರುಗಿಸಿ ಬಿಡಿಸಿ: ನೋಡಿಟ್ಟ ಎಲೆಯ ಮುಖದ ಮೇಲೆ ಕವಿದಿರುವುದೇ ಅವರದು. ನೋಡಿಟ್ಟ ಎಲೆಯೇ ಎಲ್ಲಕ್ಕೂ ಮುಂದೆ ಬಂದಿದ್ದರೆ ಅವರದು ತೀರಾ ಹಿಂದಿನದು.