ಮ್ಯಾಂಡರಿನ್ ಸಾಕೋದು ಅಂದ್ರೆ ಅದರ ಊಟ ಸಾಕೋದು

ಮನೆಯ ಉಪ್ಪುನೀರಿನ ಟ್ಯಾಂಕ್‌ನಲ್ಲಿ ಮ್ಯಾಂಡರಿನ್ ಮೀನು ರೋಗಕ್ಕಿಂತ ಹಸಿವಿನಿಂದ ಸಾಯೋದೇ ಜಾಸ್ತಿ. ಅದರ ಮೈಗೆ ಹುರುಪೆ ಇಲ್ಲ, ದಪ್ಪ ಲೋಳೆ ಇದೆ. ಬೇರೆ ಸಮುದ್ರ ಮೀನುಗಳನ್ನು ಕಾಡುವ ಬಿಳಿಚುಕ್ಕೆ ರೋಗ ಇದಕ್ಕೆ ಅಷ್ಟು ಬೇಗ ತಗಲುವುದಿಲ್ಲ. ಆದರೆ ಅಂಗಡಿಯ ಕಾಳು ಹಾಕಿದರೆ ತಿರುಗಿಯೂ ನೋಡುವುದಿಲ್ಲ. ಜೀವ ಇರುವ, ಅಲ್ಲಾಡುವ ಕೋಪೆಪಾಡ್ ಹುಳಗಳೇ ಬೇಕು, ಅಂದ್ರೆ ಸೀಗಡಿಯ ದೂರದ ನೆಂಟರಾದ ಕಣದಷ್ಟು ಸಣ್ಣ ಜೀವಿಗಳು. ಅದೂ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಅಲ್ಲ. ಹಗಲಿಡೀ ಕಲ್ಲಿನ ಮೇಲೆ ಕುಕ್ಕುತ್ತಲೇ ಇರುತ್ತದೆ.

ನನಗೆ ಮೊದಲು ಆಸೆ ಇದ್ದದ್ದು ಕಡಲ್ಗುದುರೆ ಮೇಲೆ. ಅದನ್ನು 2001ರಲ್ಲೇ ವನ್ಯಜೀವಿ ಕಾಯ್ದೆಯ ಸಂರಕ್ಷಿತ ಪ್ರಾಣಿಗಳ ಪಟ್ಟಿಗೆ ಸೇರಿಸಿದ್ದಾರೆ. ಹವಳವೂ ಅದೇ ವರ್ಷ ಸೇರಿತು. ಹಾಗಾಗಿ ಕುದುರೆಯ ಆಸೆ ಬಿಟ್ಟೆ, ಟ್ಯಾಂಕಿಗೂ ಹವಳದಿಂದಾದ ಸಮುದ್ರದ ಕಲ್ಲು ತರಲಿಲ್ಲ. ತೂತು ತೂತಾದ ಸೆರಾಮಿಕ್ ಕಲ್ಲು ಹಾಕಿದೆ. ಅದರಲ್ಲಿ ಜೀವ ತುಂಬಲು ತಿಂಗಳುಗಟ್ಟಲೆ ಬೇಕು. ಕಾಯಲು ಆಗದವರು ಈ ಮೀನಿನ ತಂಟೆಗೆ ಹೋಗಬೇಡಿ.

ಶಿವಮೊಗ್ಗದಿಂದ ಘಟ್ಟ ಇಳಿದರೆ ಕಡಲು, ಅಲ್ಲಿಂದಲೇ ನೀರು ತರಬಹುದಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಮಳೆಗಾಲದಲ್ಲಿ ಶರಾವತಿ ಥರದ ಹೊಳೆಗಳು ಸೇರಿ ಕರಾವಳಿಯ ನೀರಿನ ಉಪ್ಪು ಇಳಿದುಹೋಗಿರುತ್ತದೆ, ಕೆಸರು ಬೇರೆ. ನಾನು ಆರ್‌ಒ ನೀರಿಗೆ ಸಮುದ್ರ ಮೀನಿನ ಟ್ಯಾಂಕಿಗೆಂದೇ ಮಾರುವ ಉಪ್ಪು ಬೆರೆಸುತ್ತೇನೆ, ಲೀಟರಿಗೆ ಹತ್ತಿರ ಹತ್ತಿರ 35 ಗ್ರಾಂ. ನೀರಿನ ಸಾಂದ್ರತೆ ಅಳೆಯುವ ಮೀಟರಿನಲ್ಲಿ 1.025 ತೋರಿಸಬೇಕು. ಬೇಸಿಗೆಯಲ್ಲಿ ನೀರು ಬೇಗ ಆರಿ ಉಪ್ಪು ಏರುತ್ತದೆ. ಆಗ ಸೇರಿಸಬೇಕಾದ್ದು ಸಿಹಿನೀರು, ಉಪ್ಪುನೀರಲ್ಲ.

ಮೀನು ತರುವ ಎಷ್ಟೋ ಮೊದಲೇ ಹುಳ ಸಾಕಲು ಶುರು ಮಾಡಿದೆ. ಟಿಸ್ಬೆ ಅನ್ನುವ ಕೋಪೆಪಾಡ್‌ನ ಬೀಜ ಬೆಂಗಳೂರಿಂದ ಬಾಟಲಿಯಲ್ಲಿ ಬಂತು. ಇದು ಗಾಜಿಗೆ, ಕಲ್ಲಿಗೆ ಅಂಟಿಕೊಂಡು ಓಡಾಡುವ ಜಾತಿ, ಮ್ಯಾಂಡರಿನ್‌ಗೆ ಹೇಳಿ ಮಾಡಿಸಿದ್ದು. ಒಂದು ಬಕೆಟ್ ಉಪ್ಪುನೀರು, ಏರ್ ಪಂಪಿನಿಂದ ನಿಧಾನಕ್ಕೆ ಒಂದೊಂದೇ ಗುಳ್ಳೆ, ಅಷ್ಟೇ ಸಾಕು. ಹುಳಕ್ಕೆ ಊಟ ನ್ಯಾನೋಕ್ಲೋರಾಪ್ಸಿಸ್ ಪಾಚಿ. ಅದನ್ನು ಟ್ಯೂಬ್‌ಲೈಟ್ ಕೆಳಗೆ ಬಾಟಲಿಗಳಲ್ಲಿ ಬೆಳೆಸುತ್ತೇನೆ, ಅದಕ್ಕೂ ಗೊಬ್ಬರ ಹಾಕಬೇಕು. ಇದನ್ನೆಲ್ಲ ನೋಡಿ ಅಮ್ಮ, "ತೋಟಕ್ಕೆ ಒಂದು ಬುಟ್ಟಿ ಗೊಬ್ಬರ ಹಾಕು ಅಂದ್ರೆ ಆಗಲ್ಲ, ಪಾಚಿಗೆ ಹಾಕ್ತಾ ಕೂತಿದೀಯಲ್ಲೋ" ಅಂದರು.

ಬಕೆಟ್ಟಿನ ನೀರು ತೆಳು ಹಸಿರಾಗುವಷ್ಟೇ ಪಾಚಿ ಸುರಿಯಬೇಕು. ಅದು ತಿಳಿಯಾದ ಮೇಲೆ ಮತ್ತೆ. ಅವಸರಕ್ಕೆ ಜಾಸ್ತಿ ಹಾಕಿದರೆ ನೀರು ನಾರುತ್ತದೆ, ಹುಳ ಎಲ್ಲ ಹೋಗುತ್ತದೆ. ಅದಕ್ಕೇ ಎರಡು ಬಕೆಟ್, ಬೇರೆ ಬೇರೆ ಕೋಣೆಯಲ್ಲಿ. ಒಂದಕ್ಕೆ ಮುಳುಗಿಸಿದ ಲೋಟ, ಕೊಳವೆ ಇನ್ನೊಂದಕ್ಕೆ ಸೋಕಬಾರದು.

ಟ್ಯಾಂಕಿನಲ್ಲಿ ಹುಳ ನೆಲೆಯಾಗಿದೆಯೋ ಇಲ್ಲವೋ ನೋಡಬೇಕಾದ್ದು ರಾತ್ರಿ. ದೀಪ ಆರಿಸಿ ಒಂದೆರಡು ಗಂಟೆ ಬಿಟ್ಟು ಗಾಜಿಗೆ ಟಾರ್ಚ್ ಹಿಡಿಯಿರಿ. ರವೆಗಿಂತ ಸಣ್ಣ ಬಿಳಿ ಚುಕ್ಕೆಗಳು ಒಂದು ಕ್ಷಣ ನಿಂತು, ಸರಕ್ಕನೆ ಸರಿದು, ಮತ್ತೆ ನಿಲ್ಲುತ್ತವೆ. ಎಲ್ಲಿ ನೋಡಿದರೂ ಅವೇ ಕಂಡಾಗ ಮೀನು ತರಲು ಹೊರಟೆ.

ಅಂಗಡಿಯಲ್ಲಿ ಬಣ್ಣಕ್ಕೆ ಮರುಳಾಗಬೇಡಿ. ಮರುಳಾಗದೆ ಇರೋದೂ ಕಷ್ಟ, ಬಿಡಿ. ಬೇರೆ ಪ್ರಾಣಿಗಳಲ್ಲಿ ನಾವು ಕಾಣುವ ನೀಲಿ ಬಹುಪಾಲು ಬೆಳಕಿನ ಆಟ. ಆದರೆ ಇದರ ಚರ್ಮದಲ್ಲಿ ನಿಜವಾದ ನೀಲಿ ಬಣ್ಣದ ಕಣಗಳಿವೆ ಅಂತ 1995ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ನಾನು ಮೊದಲು ನೋಡಿದ್ದು ಹೊಟ್ಟೆ. ಒಳಕ್ಕೆ ಸೇದಿಕೊಂಡಿದ್ದರೆ, ತಲೆಯ ಹಿಂದೆ ಬೆನ್ನು ಸೊರಗಿದ್ದರೆ ಅದನ್ನು ಮನೆಗೆ ತಂದು ಉಳಿಸುವುದು ಬಹಳ ಕಷ್ಟ. ಬಲೆಯಲ್ಲೂ ಹಿಡಿಸಬೇಡಿ. ಕೆನ್ನೆಯ ಹತ್ತಿರ ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಒಂದು ಡಬ್ಬಿಯಲ್ಲಿ ನೀರಿನ ಸಮೇತ ಎತ್ತಿದರೆ ಆಯ್ತು.

ಮನೆಗೆ ಬಂದ ಮೇಲೆ ಅದು ತಿನ್ನುವುದನ್ನು ನೋಡುವುದೇ ಒಂದು ಕೆಲಸವಾಯಿತು. ಎದೆಯ ಕೆಳಗಿನ ರೆಕ್ಕೆಗಳನ್ನು ಊರಿಕೊಂಡು ಕಲ್ಲಿನ ಮೇಲೆ ನಡೆಯುತ್ತದೆ. ಎರಡು ಕಣ್ಣೂ ಬೇರೆ ಬೇರೆ ಕಡೆ ತಿರುಗುತ್ತವೆ. ಒಂದು ಕಡೆ ನಿಂತು, ತಲೆ ಓರೆ ಮಾಡಿ, ಬಾಯನ್ನು ಕೊಳವೆಯಂತೆ ಮುಂದೆ ಚಾಚಿ ಟಕ್ ಅಂತ ಒಂದು ಹುಳ ಎತ್ತುತ್ತದೆ. ಮತ್ತೆ ನಾಲ್ಕು ಹೆಜ್ಜೆ.

ಹುಳವನ್ನೇ ನಂಬಿ ಕೂರಬಾರದು ಅಂತ ಆರ್ಟಿಮಿಯಾ ಅನ್ನುವ ಉಪ್ಪುನೀರಿನ ಪುಟ್ಟ ಸೀಗಡಿಯ ಮರಿಯನ್ನೂ ರೂಢಿ ಮಾಡಿಸಿದೆ. ತಲೆಕೆಳಗು ಮಾಡಿದ ಕೂಲ್‌ಡ್ರಿಂಕ್ಸ್ ಬಾಟಲಿ, ಲೀಟರಿಗೆ 25 ಗ್ರಾಂ ಕಲ್ಲುಪ್ಪು, ಜೋರು ಗಾಳಿ. 28 ಡಿಗ್ರಿ ಇದ್ದರೆ ಒಂದು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ನಮ್ಮ ಆಷಾಢದ ಚಳಿಗೆ ಎಲ್ಲಿ ಒಡೆಯಬೇಕು? ಥರ್ಮೋಕೋಲ್ ಪೆಟ್ಟಿಗೆಯೊಳಗೆ 40 ವ್ಯಾಟ್ ಬಲ್ಬ್ ಹಾಕಿ ಬಾಟಲಿ ಇಡುತ್ತೇನೆ. ಒಡೆದ ಮೇಲೆ ಗಾಳಿ ನಿಲ್ಲಿಸಿದರೆ ಸಿಪ್ಪೆ ಮೇಲೆ ತೇಲುತ್ತದೆ, ಟಾರ್ಚ್ ಹಿಡಿದ ಕಡೆ ಮರಿಗಳು ಕಿತ್ತಳೆ ಮೋಡದ ಥರ ಸೇರುತ್ತವೆ. ಅವನ್ನಷ್ಟೇ ಸಣ್ಣ ಪೈಪಿನಲ್ಲಿ ಎಳೆದು, ಒತ್ತು ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ತೊಳೆದು, ಅದೇ ದಿನ ತಿನ್ನಿಸಬೇಕು. ಹೊತ್ತು ಕಳೆದಷ್ಟೂ ಮರಿಯ ಸತ್ವ ಇಳಿಯುತ್ತದೆ.

ಆದರೆ ಟ್ಯಾಂಕಿಗೆ ಸುಮ್ನೆ ಸುರಿದರೆ ಚುರುಕು ಮೀನುಗಳೇ ಎಲ್ಲ ಮುಗಿಸಿಬಿಡುತ್ತವೆ. ಖಾಲಿ ಜಾಮ್ ಬಾಟಲಿಯನ್ನು ಮರಳಿನ ಮೇಲೆ ಅಡ್ಡ ಮಲಗಿಸಿ, ಪಂಪ್ ನಿಲ್ಲಿಸಿ, ಪೈಪಿನಿಂದ ಮರಿಗಳನ್ನು ಅದರೊಳಗೆ ಬಿಟ್ಟೆ. ನನ್ನ ಕ್ಲೌನ್ ಮೀನುಗಳು ಬಾಯಿಯ ಹತ್ತಿರ ಸುಳಿದಾಡುತ್ತವೆ, ಒಳಗೆ ನುಗ್ಗುವುದಿಲ್ಲ. ಮ್ಯಾಂಡರಿನ್ ಆರಾಮಾಗಿ ನಡೆದುಕೊಂಡು ಒಳಗೆ ಹೋಗುತ್ತದೆ. ಈಗ ಪಂಪ್ ನಿಂತ ಸದ್ದಿಗೇ ಬಾಟಲಿ ಕಡೆ ಹೊರಡುತ್ತದೆ. ಮರಿಗಳ ಜೊತೆ ಕರಗಿಸಿದ ಫ್ರೋಜನ್ ಆರ್ಟಿಮಿಯಾ ಕೂಡ ಸ್ವಲ್ಪ ಬೆರೆಸುತ್ತಿದ್ದೇನೆ. ಕೆಲವು ದಿನ ತಿನ್ನುತ್ತದೆ, ಕೆಲವು ದಿನ ಉಗಿಯುತ್ತದೆ.

ಮಳೆಗಾಲದ ಕರೆಂಟು ಬಗ್ಗೆ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಇನ್ವರ್ಟರ್‌ನಿಂದ ಒಂದು ಲೈನು ಏರ್ ಪಂಪಿಗೇ ಮೀಸಲು, ಟಿವಿ ಆಮೇಲೆ.

ನನ್ನ ಹತ್ತಿರ ಇರುವುದು ಗಂಡು, ಬೆನ್ನಿನ ಮುಂದಿನ ರೆಕ್ಕೆಯ ಮುಳ್ಳು ಉದ್ದ ಇದೆ. ಎರಡು ಗಂಡು ಒಂದೇ ಟ್ಯಾಂಕಿನಲ್ಲಿದ್ದರೆ ಜಗಳ ಗ್ಯಾರಂಟಿ. ಹೆಣ್ಣು ತಂದರೆ ಮುಸ್ಸಂಜೆಗೆ ಜೋಡಿಯಾಗಿ ಮೇಲಕ್ಕೇರಿ ಮೊಟ್ಟೆ ಬಿಡುವುದನ್ನು ನೋಡಬಹುದು. ಆಸೆ ಇದೆ. ಎರಡು ಬಾಯಿಗೆ ಈಗಿರುವ ಬಕೆಟ್ ಸಾಲುವುದಿಲ್ಲ. ಮೂರನೆಯದಕ್ಕೆ ಮನೆಯಲ್ಲಿ ಜಾಗ ಕೇಳಬೇಕು.