ರಸ್ತೆಬದಿ ಬಿಟ್ಟುಹೋದ ಗಾಡಿ: ಎತ್ತುವುದು ಅರ್ಧ ಗಂಟೆ, ವಿಲೇವಾರಿ ಅರ್ಧ ವರ್ಷ

ಟೈರಿನ ಗಾಳಿ ಇಳಿದು ರಿಮ್ಮು ನೆಲ ಕಚ್ಚಿದೆ. ಗಾಜಿನ ದೂಳಿನ ಮೇಲೆ ಮಕ್ಕಳು ಹೆಸರು ಗೀಚಿದ್ದಾರೆ. ವೈಪರ್ ಸಂದಿಯಲ್ಲಿ ಹೋದ ಮಳೆಗಾಲದ ಎಲೆ ಕೊಳೆಯುತ್ತಿದೆ. ‘ಎಷ್ಟು ಸಲ ಹೇಳಿದರೂ ಪೊಲೀಸರು ಎತ್ತಲಿಲ್ಲ’ ಎಂಬ ಮಾತು ಕೇಳಿಬರುವುದು ಇಂಥ ಗಾಡಿಗಳ ಬಗ್ಗೆಯೇ. ನಿಜ ಹೇಳಬೇಕೆಂದರೆ ಎತ್ತುವುದು ದೊಡ್ಡ ಕೆಲಸವಲ್ಲ. ಎತ್ತಿದ ಮೇಲೆ ಅದು ಯಾರದ್ದು ಎಂದು ಪತ್ತೆಹಚ್ಚಿ, ಕೋರ್ಟಿಗೆ ಲೆಕ್ಕ ಒಪ್ಪಿಸುವುದರಲ್ಲೇ ತಿಂಗಳುಗಳು ಕಳೆಯುತ್ತವೆ.

ಹತ್ತು ಗಂಟೆಯ ನಿಯಮ

1988ರ ಮೋಟಾರು ವಾಹನ ಕಾಯ್ದೆಯ 127ನೇ ಸೆಕ್ಷನ್ ಇಲ್ಲಿ ಮುಖ್ಯ. ಸಾರ್ವಜನಿಕ ಸ್ಥಳದಲ್ಲಿ 10 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ವಾರಸುದಾರರಿಲ್ಲದೆ ನಿಂತ ಗಾಡಿಯನ್ನು ಎಳೆದೊಯ್ಯಲು ಅಥವಾ ಚಕ್ರಕ್ಕೆ ಬೀಗ ಜಡಿಯಲು ಆ ಸರಹದ್ದಿನ, ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅನುಮತಿ ಕೊಡಬಹುದು. ಸುಟ್ಟ, ನಜ್ಜುಗುಜ್ಜಾದ, ಬಿಡಿಭಾಗ ಕಿತ್ತ ಗಾಡಿ ಸಂಚಾರಕ್ಕೆ ಅಪಾಯ ಒಡ್ಡುತ್ತಿದ್ದರೆ 10 ಗಂಟೆ ಕಾಯಬೇಕಿಲ್ಲ, ತಕ್ಷಣ ತೆಗೆಸಬಹುದು. ಎಳೆದೊಯ್ದ ಖರ್ಚು ಮಾಲೀಕರದ್ದು.

ಆದರೂ ಮನೆ ಮುಂದೆ ನಿಂತ ಕಾರನ್ನು ಹನ್ನೊಂದನೇ ಗಂಟೆಗೆ ಯಾರೂ ಎತ್ತುವುದಿಲ್ಲ. ಮಾಲೀಕರು ಊರಿಗೆ ಹೋಗಿರಬಹುದಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟು ಈ ಸೆಕ್ಷನ್ನಿಗೆ ಸಿಗುವುದೂ ಇಲ್ಲ, ಏಕೆಂದರೆ ಸಾರ್ವಜನಿಕರಿಗೆ ಪ್ರವೇಶದ ಹಕ್ಕಿರುವ ಜಾಗ ಮಾತ್ರ ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳ.

ದೂರಿನಲ್ಲಿ ಏನಿರಬೇಕು

ನೋಂದಣಿ ಸಂಖ್ಯೆ, ಬಣ್ಣ, ಮಾದರಿ, ಹತ್ತಿರದ ವಿದ್ಯುತ್ ಕಂಬದ ಸಂಖ್ಯೆ ಅಥವಾ ಅಡ್ಡರಸ್ತೆ. ಇವಕ್ಕಿಂತ ಮುಖ್ಯವಾಗಿ, ವಾರದ ಅಂತರದಲ್ಲಿ ಒಂದೇ ಕೋನದಿಂದ ತೆಗೆದ, ದಿನಾಂಕವಿರುವ ಎರಡು ಫೋಟೊ. ಗಾಡಿ ಕದಲಿಲ್ಲ ಎಂಬುದಕ್ಕೆ ಇದಕ್ಕಿಂತ ಸರಳ ಪುರಾವೆ ಇಲ್ಲ. ಬಾಗಿಲು ತೆಗೆದೇ ಇದ್ದರೆ ಅದನ್ನೂ ಬರೆಯಿರಿ. ಆಟವಾಡುತ್ತಾ ಒಳಹೊಕ್ಕ ಮಕ್ಕಳು ಹೊರಬರಲಾಗದೆ ಸಿಕ್ಕಿಬೀಳುವುದು ಇಂಥ ಕಾರುಗಳಲ್ಲೇ. ರಕ್ತದ ಕಲೆ, ಒಡೆದ ಇಗ್ನಿಷನ್, ಎರಡು ಬೇರೆ ಬೇರೆ ನಂಬರ್ ಪ್ಲೇಟ್ ಕಂಡರೆ ಗಾಡಿಯನ್ನು ಮುಟ್ಟದೆ 112ಕ್ಕೆ ಕರೆ ಮಾಡಿ. ಅದು ಆಗ ‘ಬಿಟ್ಟುಹೋದ ಗಾಡಿ’ಯಾಗಿ ಉಳಿಯುವುದಿಲ್ಲ, ಅಪರಾಧದ ಸಾಕ್ಷ್ಯವಾಗುತ್ತದೆ.

ಚಾಸಿ ನಂಬರ್ ಹುಡುಕುವುದು

ಸ್ಥಳಕ್ಕೆ ಬಂದ ಸಿಬ್ಬಂದಿ ನಂಬರ್ ಪ್ಲೇಟನ್ನಷ್ಟೇ ನಂಬಿದರೆ ಕೆಲಸ ಕೆಡುತ್ತದೆ. ಪ್ಲೇಟು ಎರಡು ಸ್ಕ್ರೂಗಳ ವಿಷಯ. ಚಾಸಿ ನಂಬರ್, ಅಂದರೆ ತಯಾರಕರು ಪ್ರತಿ ಗಾಡಿಗೂ ಕೊಡುವ ಗುರುತಿನ ಸಂಖ್ಯೆ, ಲೋಹಕ್ಕೇ ಕೊರೆದದ್ದು. ಬೈಕಿನಲ್ಲಿ ಸಾಮಾನ್ಯವಾಗಿ ಹ್ಯಾಂಡಲ್ ತಿರುಗುವ ಕತ್ತಿನ ಬದಿಯಲ್ಲಿ, ಕಾರಿನಲ್ಲಿ ಬಾನೆಟ್ ಒಳಗಿನ ಹಿಂಗೋಡೆಯ ಮೇಲೋ ಮುಂದಿನ ಸೀಟಿನ ಬುಡದಲ್ಲೋ ಇರುತ್ತದೆ. ತುಕ್ಕನ್ನು ಬಟ್ಟೆಯಿಂದ ಒರೆಸಿ, ತೆಳುಹಾಳೆ ಒತ್ತಿಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ಉಜ್ಜಿದರೆ ಅಕ್ಷರಗಳು ಬೆಳ್ಳಗೆ ಮೂಡುತ್ತವೆ. ತೀರಾ ಹಳೆಯ ಗಾಡಿಗಳನ್ನು ಬಿಟ್ಟರೆ ಅಕ್ಷರ, ಅಂಕೆ ಸೇರಿ ಒಟ್ಟು 17 ಇರಬೇಕು. ಅದರಲ್ಲಿ ಐ, ಓ, ಕ್ಯೂ ಎಂಬ ಇಂಗ್ಲಿಷ್ ಅಕ್ಷರಗಳು ಬರುವುದೇ ಇಲ್ಲ. ದುಂಡಗೆ ಕಂಡದ್ದನ್ನು ಸೊನ್ನೆ ಎಂದು ಬರೆಯದೆ ‘ಓ’ ಎಂದು ಬರೆದರೆ ‘ವಾಹನ್’ ಎಂಬ ಸರ್ಕಾರಿ ನೋಂದಣಿ ದತ್ತಾಂಶದಲ್ಲಿ ಗಾಡಿ ಸಿಗದು. ಉಜ್ಜಿದ ಜಾಗ ನುಣುಪಾಗಿದ್ದರೆ, ಒಂದೆರಡು ಅಂಕೆ ಸಾಲಿನಿಂದ ಜರುಗಿದ್ದರೆ ಯಾರೋ ಕೈಯಾಡಿಸಿದ್ದಾರೆಂದೇ ಅನುಮಾನಿಸಬೇಕು. ಅಂಥದ್ದು ವಿಧಿವಿಜ್ಞಾನ ಪ್ರಯೋಗಾಲಯದ ಪಾಲು. ಅಳಿಸಿದ ಅಂಕೆಯನ್ನು ಅಲ್ಲಿ ಆಮ್ಲ ಹಚ್ಚಿ ಮೇಲೆಬ್ಬಿಸುತ್ತಾರೆ.

ದಾಖಲೆಯಲ್ಲಿ ಮಾಲೀಕರ ಹೆಸರು ಸಿಕ್ಕಿತು ಅಂದುಕೊಳ್ಳಿ. ಬಹಳ ಸಲ ಅವರು ‘ಅದನ್ನು ಮಾರಿ ಎಷ್ಟೋ ವರ್ಷವಾಯಿತು’ ಎನ್ನುತ್ತಾರೆ. ಮಾರಿದವರು 14 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕೆಂದು ಇದೇ ಕಾಯ್ದೆಯ 50ನೇ ಸೆಕ್ಷನ್ ಹೇಳುತ್ತದೆ. ಫಾರಂ 29, 30 ಇರುವುದು ಅದಕ್ಕೇ. ಸಹಿ ಹಾಕಿದ ಖಾಲಿ ಫಾರಂ ದಲ್ಲಾಳಿಯ ಕೈಗೆ ಕೊಟ್ಟು ಮರೆತವರಿಗೇ ನೋಟಿಸು ಬರುತ್ತದೆ. ದಾಖಲೆಯಲ್ಲಿ ಹೆಸರಿರುವವರೇ ಮಾಲೀಕರು ಎಂದು 2018ರಲ್ಲಿ ಅಪಘಾತ ಪರಿಹಾರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಾಲದ ನಮೂದು ಇದ್ದರೆ ಬ್ಯಾಂಕಿಗೂ ಒಂದು ಪತ್ರ ಹೋಗಬೇಕು.

ಮಹಜರು, ಆಮೇಲೆ ಟೋಯಿಂಗ್

ಕೊಂಡಿ ಹಾಕುವ ಮುನ್ನ ಇಬ್ಬರು ಪಂಚರ (ಸಾಕ್ಷಿಗಳ) ಎದುರು ಮಹಜರು. ಸ್ಟೆಪ್ನಿ, ಜಾಕ್, ಬ್ಯಾಟರಿ, ಸ್ಟೀರಿಯೊ, ಮೀಟರಿನ ಓದು, ಹಳೆಯ ಗೀರುಗಳು ಎಲ್ಲವನ್ನೂ ಬರೆದು ವಿಡಿಯೊ ಮಾಡಿಕೊಳ್ಳಬೇಕು. ಇದನ್ನು ಅವಸರದಲ್ಲಿ ಮುಗಿಸಿದ ದಿನವೇ ಮುಂದೆ ‘ನನ್ನ ಸ್ಟೀರಿಯೊ ಎಲ್ಲಿ’ ಎಂಬ ಜಗಳಕ್ಕೆ ಬೀಜ ಬೀಳುವುದು. ಬಹುಕಾಲ ನಿಂತ ಕಾರಿನ ಬ್ರೇಕ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ, ಸ್ಟೀರಿಂಗ್ ಲಾಕ್ ಆಗಿರುತ್ತದೆ. ಒಂದು ತುದಿ ಎತ್ತಿ ಎಳೆದರೆ ನೆಲದಲ್ಲಿರುವ ಚಕ್ರ ಉರುಳದೆ ಉಜ್ಜಿಕೊಂಡೇ ಹೋಗುತ್ತದೆ. ಅಂಥದ್ದಕ್ಕೆ ಚಕ್ರದಡಿ ಡಾಲಿ (ಗಾಲಿಯಿರುವ ಪುಟ್ಟ ಚೌಕಟ್ಟು) ಇಡಬೇಕು, ಇಲ್ಲವೇ ಇಡೀ ಗಾಡಿಯನ್ನು ಫ್ಲಾಟ್‌ಬೆಡ್ (ಸಪಾಟು ಹಾಸಿನ ಲಾರಿ) ಮೇಲೆ ಹೇರಬೇಕು. ಬ್ಯಾಟರಿ ತಂತಿ ಕಳಚಿರಲಿ.

ಕೋರ್ಟಿನ ಆರು ತಿಂಗಳು

127ರ ಅಡಿ ಎತ್ತಿದ ಗಾಡಿಗೆ ಮಾಲೀಕರು ಬೇಗ ಬಂದರೆ ಆರ್‌ಸಿ, ಗುರುತಿನ ಚೀಟಿ ತೋರಿಸಿ, ದಂಡ ಮತ್ತು ಟೋಯಿಂಗ್ ವೆಚ್ಚ ಕಟ್ಟಿದರೆ ಮುಗಿಯಿತು. ಯಾರೂ ಬಾರದೆ, ಅಥವಾ ಕಳವಿನ ಶಂಕೆಯಿಂದ ಜಪ್ತಿಯಾಗಿ ಮ್ಯಾಜಿಸ್ಟ್ರೇಟರಿಗೆ ವರದಿ ಹೋದ ಮೇಲೆ ಠಾಣೆಯವರು ತಾವಾಗಿ ಬಿಟ್ಟುಕೊಡುವಂತಿಲ್ಲ. ಕೋರ್ಟಿನ ಆದೇಶ ಬೇಕು. ಕ್ರಿಮಿನಲ್ ಪ್ರಕರಣಗಳ ವಿಧಿವಿಧಾನ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 503ನೇ ಸೆಕ್ಷನ್ ಪ್ರಕಾರ, ಹಕ್ಕುದಾರರು ಯಾರೆಂದು ಗೊತ್ತಿಲ್ಲದಿದ್ದರೆ ಮ್ಯಾಜಿಸ್ಟ್ರೇಟರು ಉದ್ಘೋಷಣೆ (ಸಾರ್ವಜನಿಕ ಪ್ರಕಟಣೆ) ಹೊರಡಿಸಿ, ಹಕ್ಕು ಹೇಳಲು 6 ತಿಂಗಳು ಕಾಲಾವಕಾಶ ಕೊಡುತ್ತಾರೆ. ಆಮೇಲೂ ಯಾರೂ ಬಾರದಿದ್ದರೆ 504ರ ಅಡಿ ಗಾಡಿಯನ್ನು ಸರ್ಕಾರದ ವಶಕ್ಕೆ ಒಪ್ಪಿಸಿ ಮಾರಲು ಆದೇಶಿಸಬಹುದು. ಠಾಣೆಯ ಆವರಣದಲ್ಲಿ ಬೈಕುಗಳು ಬಳ್ಳಿ ಹಬ್ಬಿಸಿಕೊಂಡು ನಿಲ್ಲಲು ಮ್ಯಾಜಿಸ್ಟ್ರೇಟರಿಗೆ ವರದಿ ಸಕಾಲಕ್ಕೆ ಹೋಗದಿರುವುದೂ ಒಂದು ಕಾರಣ. ಜಪ್ತಿ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಕೊಳೆಹಾಕಬೇಡಿ ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿತ್ತು.

ಹರಾಜಿನಲ್ಲಿ ಕೊಂಡವರು ಓಡಿಸಲು ಕೊಂಡಿದ್ದರೆ ಆರ್‌ಟಿಒದಲ್ಲಿ ಹೆಸರು ಬದಲಾಗಬೇಕು. ಗುಜರಿಗೆ ಹೋದರೆ ನೋಂದಣಿಯೇ ರದ್ದಾಗಬೇಕು. ಈ ಕೊನೆಯ ಕಾಗದ ಬಿಟ್ಟುಹೋದರೆ ಗಾಡಿ ಕರಗಿ ಕಬ್ಬಿಣವಾದರೂ ಅದರ ನಂಬರ್ ಮಾತ್ರ ಇನ್ಯಾವುದೋ ಕಳವು ಗಾಡಿಯ ಪ್ಲೇಟ್ ಮೇಲೆ ಓಡಾಡುತ್ತಿರುತ್ತದೆ.